ಎದೆಯೊಳಕ್ಕೆ ಇಳಿದ ಅವಮಾನ

(ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಇವತ್ತು ನಾವು ಮಾತಾಡಬೇಕಾಗಿರುವುದು ದೂರದ ಒಂದು ಜನದ ಬಗ್ಗೆ. ಅಮೆರಿಕದಲ್ಲಿರುವ ಲ್ಯಾಟಿನೋ ಜನ, ಅವರನ್ನು ಅಲ್ಲಿ ನಡೆಸಿಕೊಳ್ಳುವ ರೀತಿ, ಅವರ ಮನಸ್ಸಿಗೆ ಕವಿಯುವ ಖಿನ್ನತೆ, ಅವರ ಹೃದಯವನ್ನು ತಿನ್ನುವ ಕಾಯಿಲೆ. ಇದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬದುಕಿನಿಂದ ಬಂದದ್ದೆಷ್ಟು ಅನ್ನೋದು ನಮ್ಮ ವಿಷಯ.

"ನಮ್ಮ ಕೇರಿಗೇ ನೀರಿಲ್ಲ, ನಿಮಗ್ಯಾಕೆ ಅಮೆರಿಕದವರ ಎದೆನೋವಿನ ಉಸಾಬರಿ?" ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು. ಕೆಳಗೆ ತುಳಿಯಲ್ಪಟ್ಟವನು ಕಾಯಿಲೆ ಬಿದ್ದಾಗ "ಅವನ ರಕ್ತವೇ ಹಂಗೆ" ಅನ್ನುವ ಮಾತು ಎಲ್ಲಾ ದೇಶದಲ್ಲೂ ಇದೆ. ಹುಟ್ಟಿನ ಮೇಲೆ ಎಲ್ಲವನ್ನೂ ಹೊರಿಸುವ ಈ ವಾದವನ್ನು ನಮಗಿಂತ ಹೆಚ್ಚು ಕಾಲ ಕೇಳಿದವರು ಯಾರೂ ಇಲ್ಲ. ಅದು ಮಡಿ ಉಟ್ಟು ಬಂದಾಗ ನಾವು ಗುರುತು ಹಿಡಿದಿದ್ದೇವೆ. ಬಿಳಿ ಕೋಟು ಹಾಕಿಕೊಂಡು ಬಂದಾಗಲೂ ಗುರುತು ಹಿಡಿಯಬೇಕು. ಜೊತೆಗೆ, ನಿಜವಾದ ವಿಜ್ಞಾನ ಏನು ಹೇಳುತ್ತದೆ ಎನ್ನುವುದನ್ನೂ ಕಿವಿಗೊಟ್ಟು ಕೇಳಬೇಕು. ಈ ಎರಡೂ ಕೆಲಸಕ್ಕೆ ಲ್ಯಾಟಿನೋ ಜನರ ಕತೆ ಒಂದು ಒಳ್ಳೆಯ ಪಾಠ.

ಮೊದಲು ಈ ಜನ ಯಾರು ಅಂತ ನೋಡೋಣ. ಮೆಕ್ಸಿಕೋ, ಪೋರ್ಟೊ ರಿಕೋ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಗ್ವಾಟೆಮಾಲಾ, ಕೊಲಂಬಿಯಾ ಮುಂತಾದ ನಾಡುಗಳ ಮೂಲದವರು. ಗಂಡು ಹೆಣ್ಣು ಎಂಬ ಭೇದ ಹೆಸರಿನಲ್ಲೇ ಬರಬಾರದು ಎಂದು ಇತ್ತೀಚೆಗೆ ಕೆಲವರು ಲ್ಯಾಟಿನೆಕ್ಸ್ ಎನ್ನುತ್ತಾರೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಇವರ ಸಂಖ್ಯೆ 6 ಕೋಟಿ 21 ಲಕ್ಷ. ಅಂದ್ರೆ ನೂರಕ್ಕೆ ಸುಮಾರು 19 ಜನ. ಎಲ್ಲರೂ ನಿನ್ನೆ ಮೊನ್ನೆ ಬಂದವರಲ್ಲ. 1848ರಲ್ಲಿ ಯುದ್ಧ ಮುಗಿದಾಗ ಮೆಕ್ಸಿಕೋದ ಬಹುದೊಡ್ಡ ಭಾಗ ಅಮೆರಿಕದ ಪಾಲಾಯಿತು. ಅಲ್ಲಿದ್ದವರು ಇದ್ದ ಜಾಗದಲ್ಲೇ ಪರಕೀಯರಾದರು. ಪೋರ್ಟೊ ರಿಕೋ ದ್ವೀಪವನ್ನು 1898ರಲ್ಲಿ ಅಮೆರಿಕ ಸ್ಪೇನಿನಿಂದ ಕಿತ್ತುಕೊಂಡಿತು. 1917ರಲ್ಲಿ ಅಲ್ಲಿಯವರಿಗೆ ಪೌರತ್ವ ಕೊಟ್ಟಿತು, ಸಮಾನತೆ ಕೊಡಲಿಲ್ಲ.

ಅಮೆರಿಕದ ಹಣ್ಣು ತರಕಾರಿ ಕೊಯ್ಯುವವರು, ಮಾಂಸದ ಕಾರ್ಖಾನೆಯಲ್ಲಿ ಕತ್ತರಿಸುವವರು, ಹೋಟೆಲಿನ ಕೋಣೆ ಗುಡಿಸುವವರು, ಕಟ್ಟಡ ಕಟ್ಟುವವರು ದೊಡ್ಡ ಸಂಖ್ಯೆಯಲ್ಲಿ ಇವರೇ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಇವರ ಕೈಗೆ 'ಎಲ್ ಕೊರ್ಟಿಟೊ' ಅಂತ ಗಿಡ್ಡ ಕಾವಿನ ಗುದ್ದಲಿ ಕೊಡುತ್ತಿದ್ದರು. ಅದರಲ್ಲಿ ಕೆಲಸ ಮಾಡಬೇಕಾದರೆ ಇಡೀ ದಿನ ಸೊಂಟ ಬಗ್ಗಿಸಿಯೇ ಇರಬೇಕು. ಬೆನ್ನು ನೆಟ್ಟಗೆ ಮಾಡಿದವನು ಸೋಮಾರಿ ಅಂತ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಸಾವಿರಾರು ಬೆನ್ನುಗಳು ಮುರಿದ ಮೇಲೆ, ಕೂಲಿಗಾರರು ಹೋರಾಡಿದ ಮೇಲೆ, 1975ರಲ್ಲಿ ಆ ರಾಜ್ಯ ಅದನ್ನು ನಿಷೇಧಿಸಿತು. ಬಂಧುಗಳೇ, ಆ ಕೂಲಿಗಾರರ ಬೆನ್ನುನೋವು ಅವರ ಜೀನಿನಲ್ಲಿ ಇತ್ತೇ, ಗುದ್ದಲಿಯ ಕಾವಿನಲ್ಲಿ ಇತ್ತೇ? ಈ ಪ್ರಶ್ನೆಯನ್ನು ನೆನಪಿಡಿ. ಬೆನ್ನಿನ ವಿಷಯದಲ್ಲಿ ಉತ್ತರ ಸುಲಭ. ಹೃದಯದ ವಿಷಯದಲ್ಲಿ, ಮನಸ್ಸಿನ ವಿಷಯದಲ್ಲಿ ಸ್ವಲ್ಪ ಕಷ್ಟ.

ರಕ್ತದ ಮಾತು ಈ ಜನಕ್ಕೆ ಹೊಸದಲ್ಲ. ಸ್ಪೇನಿನ ಟೊಲೆಡೊ ಪಟ್ಟಣದಲ್ಲಿ 1449ರಲ್ಲೇ ರಕ್ತಶುದ್ಧಿಯ ಕಟ್ಟಳೆ ಮಾಡಿದರು. ಕ್ರೈಸ್ತರಾಗಿ ಮತಾಂತರವಾದ ಯೆಹೂದಿ ಕುಟುಂಬಗಳವರಿಗೆ ಅಧಿಕಾರದ ಹುದ್ದೆ ಇಲ್ಲ ಎಂದರು. ಧರ್ಮ ಬದಲಾದರೂ ರಕ್ತ ಬದಲಾಗುವುದಿಲ್ಲ ಅನ್ನುವುದು ವಾದ. ಅದೇ ಸ್ಪೇನಿನವರು ಅಮೆರಿಕ ಖಂಡವನ್ನು ಗೆದ್ದ ಮೇಲೆ ಸ್ಪೇನಿನ ಗಂಡಿಗೂ ಅಲ್ಲಿಯ ಮೂಲನಿವಾಸಿ ಹೆಣ್ಣಿಗೂ ಹುಟ್ಟಿದ ಮಗುವಿಗೆ ಒಂದು ಹೆಸರು, ಆಫ್ರಿಕದಿಂದ ಗುಲಾಮಳಾಗಿ ತಂದ ಹೆಣ್ಣಿಗೆ ಹುಟ್ಟಿದ ಮಗುವಿಗೆ ಇನ್ನೊಂದು ಹೆಸರು ಇಟ್ಟರು. 18ನೇ ಶತಮಾನದ ಮೆಕ್ಸಿಕೋದಲ್ಲಿ ತಂದೆ, ತಾಯಿ, ಮಗು ಎಂದು ಸಾಲಾಗಿ ಚಿತ್ರ ಬರೆಸಿ ಕೆಳಗೆ ಆ ಹೆಸರು ಬರೆಸುತ್ತಿದ್ದರು. ಈ ವಿಂಗಡಣೆಗೆ ಅವರ ಮಾತಿನಲ್ಲಿ 'ಕಾಸ್ತಾ' ಎನ್ನುತ್ತಾರೆ. ನಮ್ಮ ದೇಶಕ್ಕೆ ಬಂದ ಪೋರ್ಚುಗೀಸರು ಇಲ್ಲಿಯ ಜಾತಿಗಳಿಗೂ ಇದೇ ಪದ ಬಳಸಿದರು. ಇಂಗ್ಲಿಷಿನ 'ಕ್ಯಾಸ್ಟ್' ಹುಟ್ಟಿದ್ದು ಹೀಗೆ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಯಾವ ವರ್ಣದ ಗಂಡಿಗೆ ಯಾವ ವರ್ಣದ ಹೆಣ್ಣಿನಲ್ಲಿ ಹುಟ್ಟಿದವರು ಯಾವ ಜಾತಿ ಎಂಬ ಪಟ್ಟಿ ಇದೆಯಲ್ಲ, ಅದನ್ನು ಓದಿದವರಿಗೆ ಆ ಚಿತ್ರಗಳು ಅಪರಿಚಿತ ಅನ್ನಿಸುವುದಿಲ್ಲ.

ಇದು ಹಳೇ ಕಾಲದ್ದು ಅನ್ನಬೇಡಿ. ಕ್ಯಾಲಿಫೋರ್ನಿಯಾದಲ್ಲಿ 1909ರಲ್ಲಿ ಒಂದು ಕಾನೂನು ಮಾಡಿದರು. 'ಕೆಟ್ಟ ತಳಿ' ಬೆಳೆಯಬಾರದು ಎಂಬ ನೆಪದಲ್ಲಿ ಸರ್ಕಾರಿ ಸಂಸ್ಥೆಗಳಲ್ಲಿ ಇರಿಸಿದ್ದವರಿಗೆ ಸಂತಾನಹರಣ ಮಾಡಬಹುದು ಅಂತ ಕಾನೂನು. 1979ರಲ್ಲಿ ಅದನ್ನು ರದ್ದು ಮಾಡುವ ಹೊತ್ತಿಗೆ ಸುಮಾರು 20,000 ಜನ ಬಲಿಯಾಗಿದ್ದರು. ಆ ಸಂಸ್ಥೆಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಲ್ಯಾಟಿನೋ ಹೆಂಗಸರಿಗೆ ಈ ಅಪಾಯ ಉಳಿದ ಹೆಂಗಸರಿಗಿಂತ ನೂರಕ್ಕೆ 59ರಷ್ಟು ಹೆಚ್ಚು. ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೋ ಮೂಲದ 10 ಜನ ತಾಯಂದಿರು ನ್ಯಾಯಾಲಯಕ್ಕೆ ಹೋದರು. ಹೆರಿಗೆ ನೋವಿನಲ್ಲಿ ಇದ್ದಾಗ, ತಮಗೆ ಬಾರದ ಇಂಗ್ಲಿಷಿನ ಕಾಗದಕ್ಕೆ ರುಜು ಹಾಕಿಸಿಕೊಂಡು ಗರ್ಭನಾಳ ಕಟ್ಟಿದರು ಎಂಬುದು ಅವರ ದೂರು. 1978ರಲ್ಲಿ ತೀರ್ಪು ಅವರ ವಿರುದ್ಧವೇ ಬಂತು. ಕ್ಯಾಲಿಫೋರ್ನಿಯಾ ಸರ್ಕಾರ ಪರಿಹಾರದ ಕಾನೂನು ಮಾಡಿದ್ದು 2021ರಲ್ಲಿ. ಆದ್ದರಿಂದ 'ಜೀನ್' ಅಂದರೆ ಆ ಜನ ಬೆಚ್ಚಿಬೀಳುವುದು ಅಜ್ಞಾನದಿಂದಲ್ಲ, ಅನುಭವದಿಂದ.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. ಬಹಳ ಕಾಲ ಅಮೆರಿಕದ ದೊಡ್ಡ ದೊಡ್ಡ ಹೃದಯ ಸಂಶೋಧನೆಗಳು ನಡೆದದ್ದು ಬಿಳಿಯರ ಮೇಲೆ. ಲ್ಯಾಟಿನೋ ಜನರನ್ನೇ ದೊಡ್ಡ ಸಂಖ್ಯೆಯಲ್ಲಿ ನೋಡುವ ಅಧ್ಯಯನ ಶುರುವಾದದ್ದು 2008ರಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್, ಶಿಕಾಗೋ, ಮಯಾಮಿ, ಸ್ಯಾನ್ ಡಿಯಾಗೋ ಈ ನಾಲ್ಕು ಕಡೆ 18ರಿಂದ 74 ವಯಸ್ಸಿನ 16,415 ಜನರನ್ನು 2011ರವರೆಗೆ ಪರೀಕ್ಷೆ ಮಾಡಿದರು. ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೊಜ್ಜು, ಬೀಡಿ ಸಿಗರೇಟು, ಇವು ಹೃದಯಕ್ಕೆ ಅಪಾಯ ತರುವ ಮುಖ್ಯ ಸಂಗತಿಗಳು. 2012ರಲ್ಲಿ ಬಂದ ವರದಿಯ ಪ್ರಕಾರ ನೂರು ಗಂಡಸರಲ್ಲಿ 80 ಮಂದಿಗೆ, ನೂರು ಹೆಂಗಸರಲ್ಲಿ 71 ಮಂದಿಗೆ ಇವುಗಳಲ್ಲಿ ಒಂದಾದರೂ ಇತ್ತು. ಪೋರ್ಟೊ ರಿಕೋ ಮೂಲದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಮೂರು ಅಥವಾ ಹೆಚ್ಚು.

ಇನ್ನೊಂದು ಸಂಗತಿಯನ್ನು ಗಮನವಿಟ್ಟು ಕೇಳಿ. ಮೂರು ಅಥವಾ ಹೆಚ್ಚು ಅಪಾಯಗಳು ಒಟ್ಟಿಗೆ ಇರುವುದು ಯಾರಲ್ಲಿ ಹೆಚ್ಚು? ಓದು ಕಡಿಮೆ ಇದ್ದವರಲ್ಲಿ. ಅಮೆರಿಕದಲ್ಲೇ ಹುಟ್ಟಿದವರಲ್ಲಿ. ಅಲ್ಲಿ ಬಂದು 10 ವರ್ಷ ಅಥವಾ ಹೆಚ್ಚು ಕಾಲ ಇದ್ದವರಲ್ಲಿ. ಅದೇ ಅಜ್ಜಿ ತಾತಂದಿರ ಮಕ್ಕಳು ಮೊಮ್ಮಕ್ಕಳು. ರಕ್ತ ಅದೇ, ನೆಲ ಬೇರೆ. ಕಾಯಿಲೆ ಬರೀ ರಕ್ತದ್ದಾಗಿದ್ದರೆ ವಲಸೆ ಬಂದವರಿಗೂ ಅಲ್ಲೇ ಹುಟ್ಟಿದವರಿಗೂ ಈ ವ್ಯತ್ಯಾಸ ಎಲ್ಲಿಂದ ಬಂತು?

ಮನಸ್ಸಿನ ಲೆಕ್ಕವೂ ಅದೇ ಅಧ್ಯಯನದಲ್ಲಿದೆ. ಖಿನ್ನತೆ ಅಂದ್ರೆ ಬೇಜಾರು ಅಲ್ಲ. ಬೇಜಾರು ಬರುತ್ತದೆ, ಹೋಗುತ್ತದೆ. ಖಿನ್ನತೆ ವಾರಗಟ್ಟಲೆ ಕೂತುಬಿಡುತ್ತದೆ. ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಮನಸ್ಸಿಲ್ಲ, ನಾನು ಕೆಲಸಕ್ಕೆ ಬಾರದವನು ಅನ್ನೋ ಯೋಚನೆ, ಬದುಕೇ ಬೇಡ ಅನ್ನೋ ಯೋಚನೆ. ಲ್ಯಾಟಿನೋ ಜನ ಇದನ್ನು ಹೆಚ್ಚಾಗಿ ಮೈಯ ಮಾತಿನಲ್ಲಿ ಹೇಳುತ್ತಾರೆ, 'ನೆರ್ವಿಯೋಸ್' ಅನ್ನುತ್ತಾರೆ, ನರಗಳ ಸಂಕಟ ಅಂತ. ನಮ್ಮ ತಾಯಂದಿರು "ಎದೆ ಮೇಲೆ ಕಲ್ಲು ಇಟ್ಟಂಗಾಗದೆ" ಅನ್ನುವುದಿಲ್ಲವೇ, ಹಾಗೆ. ಈ ಅಧ್ಯಯನದಲ್ಲಿ ನೂರಕ್ಕೆ 27 ಜನರಲ್ಲಿ ಖಿನ್ನತೆಯ ಲಕ್ಷಣಗಳು ಎದ್ದು ಕಾಣುವಷ್ಟಿದ್ದವು. ಮೆಕ್ಸಿಕೋ ಮೂಲದವರಲ್ಲಿ ನೂರಕ್ಕೆ 22, ಪೋರ್ಟೊ ರಿಕೋ ಮೂಲದವರಲ್ಲಿ 38. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರು? ನೂರಕ್ಕೆ 5. ಉಳಿದವರು ಎದೆಯ ಕಲ್ಲನ್ನು ಹೊತ್ತುಕೊಂಡೇ ಕೂಲಿಗೆ ಹೋಗುತ್ತಿದ್ದರು.

ಈ ಮನಸ್ಸಿನ ಕಾಯಿಲೆಗೂ ಹೃದಯದ ಕಾಯಿಲೆಗೂ ಏನು ಸಂಬಂಧ? ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯಾಘಾತ ಆಗಿ ಆಸ್ಪತ್ರೆಗೆ ಬಂದ 222 ಜನರನ್ನು ಗಮನಿಸಿ 1993ರಲ್ಲಿ ಒಂದು ವರದಿ ಬಂತು. ಬೇರೆ ಕಾರಣಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಖಿನ್ನತೆ ಇದ್ದವರು ಆರು ತಿಂಗಳೊಳಗೆ ಸಾಯುವ ಅಪಾಯ ಇಲ್ಲದವರಿಗಿಂತ ಸುಮಾರು ನಾಲ್ಕು ಪಟ್ಟು. ಆಮೇಲೆ ಬಂದ ಅನೇಕ ಅಧ್ಯಯನಗಳನ್ನು ನೋಡಿ, ಹೃದಯಾಘಾತ ಆದವರಲ್ಲಿ ಖಿನ್ನತೆಯನ್ನೂ ಒಂದು ಅಪಾಯಕಾರಿ ಅಂಶ ಎಂದು ಪರಿಗಣಿಸಬೇಕು ಎಂದು ಅಮೆರಿಕದ ಹೃದಯ ತಜ್ಞರ ಸಂಘ 2014ರಲ್ಲಿ ಹೇಳಿತು.

ಇದು ನಡೆಯುವ ಬಗೆ ಹೀಗೆ. ಬೆದರಿದ ದೇಹ ಓಡಲಿಕ್ಕೆ ಇಲ್ಲವೇ ಹೊಡೆದಾಡಲಿಕ್ಕೆ ಅಣಿಯಾಗುತ್ತದೆ. ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳು ರಕ್ತಕ್ಕೆ ಇಳಿಯುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಹುಲಿ ಎದುರಾದಾಗ ಇದು ಜೀವ ಉಳಿಸುವ ಏರ್ಪಾಡು. ಹುಲಿ ಹೋದ ಮೇಲೆ ಎಲ್ಲ ಇಳಿಯಬೇಕು. ಆದರೆ ಹುಲಿ ದಿನಾ ಬಸ್ಸಿನಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರೆ? ಏರಿದ್ದು ಇಳಿಯುವುದೇ ಇಲ್ಲ. ರಕ್ತನಾಳಗಳ ಒಳಗೋಡೆ ಸವೆಯುತ್ತದೆ, ಒಳಗೊಳಗೇ ಉರಿಯೂತ ಹುಟ್ಟುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಬ್ರೂಸ್ ಮೆಕ್‌ಇವನ್ ಎಂಬ ವಿಜ್ಞಾನಿ ಇದನ್ನು ದೇಹದ ಮೇಲೆ ಕೂಡುತ್ತಾ ಹೋಗುವ ಸವೆತದ ಹೊರೆ ಎಂದು ವಿವರಿಸಿದರು. ಇದರ ಜೊತೆಗೆ, ಖಿನ್ನತೆ ಇರುವವನಿಗೆ ಬಿ.ಪಿ. ಮಾತ್ರೆ ನೆನಪಿಟ್ಟು ನುಂಗುವ ಮನಸ್ಸಿರುವುದಿಲ್ಲ, ನಡೆದಾಡುವ ಶಕ್ತಿ ಇರುವುದಿಲ್ಲ, ಬೀಡಿ ಹೆಂಡ ಹತ್ತಿರವಾಗುತ್ತವೆ. ಹೀಗೆ ಒಂದು ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ.

ಅವಮಾನವನ್ನು ಅಳೆಯುವುದು ಹೇಗೆ? ತಕ್ಕಡಿಗೆ ಹಾಕಲಿಕ್ಕೆ ಬರುವುದಿಲ್ಲ. ಡೇವಿಡ್ ವಿಲಿಯಮ್ಸ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಜೊತೆಗಾರರು 1997ರಲ್ಲಿ ಇದಕ್ಕೊಂದು ಪ್ರಶ್ನಾವಳಿ ಪ್ರಕಟಿಸಿದರು. ದೊಡ್ಡ ಹಲ್ಲೆ, ಕೊಲೆಗಳ ಬಗ್ಗೆ ಅಲ್ಲ, ದಿನನಿತ್ಯದ ನಡವಳಿಕೆಯ ಬಗ್ಗೆ. ನಿಮಗೆ ಮರ್ಯಾದೆ ಕಡಿಮೆ ಕೊಡುತ್ತಾರಾ, ಅಂಗಡಿ ಹೋಟೆಲುಗಳಲ್ಲಿ ಅಸಡ್ಡೆ ಮಾಡುತ್ತಾರಾ, ನೀವು ದಡ್ಡರು ಅನ್ನೋ ಹಾಗೆ ನೋಡುತ್ತಾರಾ, ಕಳ್ಳರು ಅನ್ನೋ ಹಾಗೆ ನೋಡುತ್ತಾರಾ, ಎಷ್ಟು ಸಲ, ಯಾವ ಕಾರಣಕ್ಕೆ, ಇಂಥ 9 ಪ್ರಶ್ನೆ. ಇವು ನಮ್ಮ ಕೇರಿಯಲ್ಲಿ ಯಾರೂ ಎರಡನೇ ಸಲ ಕೇಳಿಸಿಕೊಳ್ಳಬೇಕಾದ ಪ್ರಶ್ನೆಗಳಲ್ಲ. ಚಹದಂಗಡಿಯಲ್ಲಿ ಬೇರೆ ಲೋಟ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಜನಾಂಗಭೇದ ಮತ್ತು ಆರೋಗ್ಯದ ಬಗ್ಗೆ 1983ರಿಂದ 2013ರವರೆಗೆ ಪ್ರಕಟವಾದ 293 ಅಧ್ಯಯನಗಳನ್ನು ಒಟ್ಟುಮಾಡಿ 2015ರಲ್ಲಿ ಒಂದು ವಿಮರ್ಶೆ ಬಂತು. ಭೇದ ಅನುಭವಿಸಿದವರ ಆರೋಗ್ಯ ಹದಗೆಟ್ಟಿರುವುದು, ಅದರಲ್ಲೂ ಮಾನಸಿಕ ಆರೋಗ್ಯ ಹೆಚ್ಚು ಹದಗೆಟ್ಟಿರುವುದು ಅದರಲ್ಲಿ ಕಂಡಿತು. ಮನಸ್ಸಿನ ಮೇಲಿನ ಈ ಸಂಬಂಧ ಲ್ಯಾಟಿನೋ ಮತ್ತು ಏಷ್ಯಾ ಮೂಲದ ಅಮೆರಿಕನರಲ್ಲಿ ಇನ್ನೂ ಬಲವಾಗಿ ಕಂಡಿತು.

ಇಲ್ಲಿ ಒಬ್ಬ ಬುದ್ಧಿವಂತ ಎದ್ದು ನಿಂತು ಕೇಳುತ್ತಾನೆ: "ಸ್ವಾಮಿ, ಅವಮಾನದಿಂದ ಖಿನ್ನತೆ ಬಂತೋ, ಖಿನ್ನತೆ ಇರುವವನಿಗೆ ಎಲ್ಲವೂ ಅವಮಾನವಾಗಿ ಕಾಣುತ್ತೋ?" ಇದನ್ನು ತಳ್ಳಿಹಾಕಬಾರದು, ಉತ್ತರ ಕೊಡಬೇಕು. ಉತ್ತರ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶುರುವಾಗುತ್ತದೆ.

2008ರ ಮೇ 12. ಆ ಊರಿನ ಮಾಂಸದ ಕಾರ್ಖಾನೆಯ ಮೇಲೆ ವಲಸೆ ಪೊಲೀಸರು ದಾಳಿ ಮಾಡಿ 389 ಕೂಲಿಗಾರರನ್ನು ಹಿಡಿದರು. ಹೆಚ್ಚಿನವರು ಗ್ವಾಟೆಮಾಲಾದವರು. ಸಂಶೋಧಕರು ಆ ದಾಳಿ ಆದ ಮೇಲೆ ಇಡೀ ರಾಜ್ಯದಲ್ಲಿ ಹುಟ್ಟಿದ ಕೂಸುಗಳ ತೂಕವನ್ನು, ಅದಕ್ಕೆ ಒಂದು ವರ್ಷ ಹಿಂದೆ ಅದೇ ತಿಂಗಳುಗಳಲ್ಲಿ ಹುಟ್ಟಿದ ಕೂಸುಗಳ ತೂಕಕ್ಕೆ ಹೋಲಿಸಿದರು. ಲ್ಯಾಟಿನೋ ತಾಯಂದಿರಿಗೆ ತೂಕ ಕಡಿಮೆಯ ಮಗು ಹುಟ್ಟುವ ಅಪಾಯ ನೂರಕ್ಕೆ 24ರಷ್ಟು ಏರಿತ್ತು. ಬಿಳಿಯ ತಾಯಂದಿರಲ್ಲಿ ಹಾಗೆ ಏರಲಿಲ್ಲ. ಅಮೆರಿಕದಲ್ಲೇ ಹುಟ್ಟಿ, ಪೌರತ್ವದ ಕಾಗದ ಇಟ್ಟುಕೊಂಡ ಲ್ಯಾಟಿನೋ ತಾಯಂದಿರಲ್ಲೂ ಏರಿತ್ತು. ಅವರನ್ನು ಯಾರೂ ಹಿಡಿಯುವಂತಿರಲಿಲ್ಲ. ಆದರೂ "ನಮ್ಮಂಥವರನ್ನು ಹಿಡಿಯುತ್ತಾರೆ" ಅನ್ನುವ ಭಯ ಗರ್ಭದವರೆಗೂ ಇಳಿಯಿತು. ಇಲ್ಲಿ ಯಾರಿಗೂ ಪ್ರಶ್ನಾವಳಿ ಕೊಡಲಿಲ್ಲ, ಯಾರ ಅನಿಸಿಕೆಯನ್ನೂ ಕೇಳಲಿಲ್ಲ. ಹುಟ್ಟಿದ ಕೂಸಿಗೆ ಅನಿಸಿಕೆ ಇಲ್ಲ, ತೂಕ ಇದೆ. ಒಂದೇ ವರ್ಷದಲ್ಲಿ ಒಂದು ಜನದ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಸರ್ಕಾರದ ನಡವಳಿಕೆ.

ಹಾಗಾದರೆ ಜೀನಿಗೆ ಏನೂ ಪಾತ್ರ ಇಲ್ಲವೇ? ಇದೆ. ಇದನ್ನು ಮುಚ್ಚಿಟ್ಟು ಮಾತಾಡುವುದು ನಮಗೆ ಬೇಕಿಲ್ಲ. ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳನ್ನು 2000ದಲ್ಲಿ ಒಟ್ಟುಮಾಡಿದಾಗ, ಖಿನ್ನತೆ ಬರುವುದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ನೂರಕ್ಕೆ ಸುಮಾರು 37 ಭಾಗ ಆನುವಂಶಿಕ ಎಂದು ಅಂದಾಜಾಯಿತು. ಹೃದಯದ ಕಾಯಿಲೆಯೂ ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಬರುತ್ತದೆ. ಅಪ್ಪನಿಗೆ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಮಗ ಎಚ್ಚರವಾಗಿರಬೇಕು. ಇದು ವಿಜ್ಞಾನ.

ಮೋಸ ನಡೆಯುವುದು ಇದರ ಮುಂದಿನ ಹೆಜ್ಜೆಯಲ್ಲಿ. "ಮನೆತನದಲ್ಲಿ ಬರುತ್ತೆ ಅಂದ ಮೇಲೆ ಆ ಜನಾಂಗಕ್ಕೇ ಹೆಚ್ಚು ಬರುವುದಕ್ಕೂ ಜೀನೇ ಕಾರಣ" ಎನ್ನುತ್ತಾರಲ್ಲ, ಅಲ್ಲಿ. ಜೀವವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲಿ ಬೀಜ ಮತ್ತು ನೆಲದ ಉದಾಹರಣೆಯಿಂದ ಇದರ ತಪ್ಪು ತೋರಿಸಿದರು. ಅದನ್ನು ನಮ್ಮ ಹೊಲಕ್ಕೆ ತಂದು ಹೇಳುತ್ತೇವೆ. ಒಂದೇ ಚೀಲದ ರಾಗಿಯನ್ನು ಎರಡು ಹೊಲಕ್ಕೆ ಬಿತ್ತಿ. ಒಂದು ಗೊಬ್ಬರ ನೀರು ಕಂಡ ಹೊಲ, ಇನ್ನೊಂದು ಊರಾಚೆಯ ಕಲ್ಲುಭೂಮಿ. ಒಂದೇ ಹೊಲದೊಳಗೆ ಒಂದು ಪೈರು ಎತ್ತರ, ಒಂದು ಗಿಡ್ಡ ಇದ್ದರೆ ಅದಕ್ಕೆ ಬೀಜ ಕಾರಣ ಇರಬಹುದು. ಆದರೆ ಈ ಹೊಲದ ಪೈರಿಗೂ ಆ ಹೊಲದ ಪೈರಿಗೂ ಇರುವ ಅಂತರಕ್ಕೆ ನೆಲವೇ ಕಾರಣ, ಬೀಜ ಅಲ್ಲ. ಕಲ್ಲುಭೂಮಿಯ ರಾಗಿಯನ್ನು ನೋಡಿ "ಇದರ ತಳಿಯೇ ಕೆಟ್ಟದ್ದು" ಅನ್ನುವವನು ಒಂದೋ ರೈತನಲ್ಲ, ಇಲ್ಲವೇ ಒಳ್ಳೆ ಹೊಲ ಅವನದು. ಇದೇ ಲೆವೊಂಟಿನ್ 1972ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಭಾಗ ಒಂದೊಂದು ಜನಸಮುದಾಯದ ಒಳಗೇ ಇರುವಂಥದ್ದು.

ಲ್ಯಾಟಿನೋ ಅನ್ನುವುದೇ ಒಂದು ತಳಿ ಅಲ್ಲ. ಮೂಲನಿವಾಸಿಗಳು, ಆಫ್ರಿಕದಿಂದ ಗುಲಾಮರಾಗಿ ಬಂದವರು, ಯುರೋಪಿನವರು, ಮೂವರ ವಂಶವೂ ಬೇರೆ ಬೇರೆ ಪಾಲಿನಲ್ಲಿ ಬೆರೆತ ಜನ. ಅವರೊಳಗೂ ಬಣ್ಣದ ಮೇಲೆ ಮೇಲುಕೀಳು ಇದೆ. ಕಪ್ಪು ಮೈಯ ಲ್ಯಾಟಿನೋನಿಗೆ ಹೊರಗಿನವರ ಏಟೂ ಬೀಳುತ್ತದೆ, ಒಳಗಿನವರ ಏಟೂ ಬೀಳುತ್ತದೆ. ಇದನ್ನೂ ಮರೆಯಬಾರದು.

ಇನ್ನು 'ಖಿನ್ನತೆಯ ಜೀನ್' ಎಂಬ ಕತೆ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿದವರನ್ನು ವರ್ಷಾನುಗಟ್ಟಲೆ ಗಮನಿಸಿದ ತಂಡ 2003ರಲ್ಲಿ ಒಂದು ವರದಿ ಕೊಟ್ಟಿತು. ಸೆರೊಟೋನಿನ್‌ಗೆ ಸಂಬಂಧಪಟ್ಟ ಒಂದು ಜೀನಿನ ಗಿಡ್ಡ ರೂಪ ಇರುವವರಿಗೆ ಬದುಕಿನಲ್ಲಿ ಪೆಟ್ಟು ಬಿದ್ದರೆ ಖಿನ್ನತೆ ಹೆಚ್ಚು ಬರುತ್ತದೆ ಎಂದು. ಜಗತ್ತೆಲ್ಲ ಹೌದು ಹೌದು ಅಂತು. 2009ರಲ್ಲಿ 14 ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಅದಕ್ಕೆ ಆಧಾರ ಸಿಗಲಿಲ್ಲ. ಆದರೆ ಬದುಕಿನ ಪೆಟ್ಟಿಗೂ ಖಿನ್ನತೆಗೂ ಸಂಬಂಧ ಮಾತ್ರ ಗಟ್ಟಿಯಾಗಿ ಉಳಿಯಿತು. 2019ರಲ್ಲಿ ಇಂಥ ಹೆಸರುವಾಸಿ 18 ಜೀನುಗಳನ್ನು ಲಕ್ಷಾಂತರ ಜನರಲ್ಲಿ ಪರೀಕ್ಷಿಸಿದಾಗ ಒಂದಕ್ಕೂ ಹೇಳಿಕೊಳ್ಳುವ ಬಲ ಇರಲಿಲ್ಲ. 2025ರಲ್ಲಿ 29 ದೇಶಗಳ ಮಾಹಿತಿ ಸೇರಿಸಿ ಪ್ರಕಟವಾದ ಅಧ್ಯಯನ, ಖಿನ್ನತೆಗೆ ಸಂಬಂಧಪಟ್ಟ 697 ಆನುವಂಶಿಕ ವ್ಯತ್ಯಾಸಗಳನ್ನು ಗುರುತಿಸಿತು. ಒಂದೊಂದರ ಪಾಲೂ ಸಾಸಿವೆಯಷ್ಟು.

ಈಗ ಈ ಸಾಸಿವೆಗಳನ್ನೆಲ್ಲ ಕೂಡಿಸಿ ಒಬ್ಬೊಬ್ಬರಿಗೂ ಒಂದು ಅಪಾಯದ ಅಂಕ ಕೊಡುವ ವಿಧಾನ ಬಂದಿದೆ. ಅಂಕ ಹೆಚ್ಚಿರುವವರಿಗೆ ಅವಮಾನದ ಪೆಟ್ಟು ಹೆಚ್ಚು ತಾಗುತ್ತದೆಯೇ ಎಂದು ಹುಡುಕುವುದು ಒಳ್ಳೆಯ ಪ್ರಶ್ನೆಯೇ. ಆದರೆ ಆ ಅಂಕ ತಯಾರಾಗುವುದು ಯಾರ ರಕ್ತದಿಂದ? 2016ರಲ್ಲಿ ಲೆಕ್ಕ ಹಾಕಿದಾಗ, ಇಂಥ ಆನುವಂಶಿಕ ಅಧ್ಯಯನಗಳಲ್ಲಿ ಭಾಗವಹಿಸಿದ ನೂರು ಜನರಲ್ಲಿ 81 ಮಂದಿ ಯುರೋಪ್ ಮೂಲದವರು. ಲ್ಯಾಟಿನೋ ಜನ ನೂರಕ್ಕೆ ಅರ್ಧದಷ್ಟು, ಅಂದ್ರೆ ಇನ್ನೂರಕ್ಕೆ ಒಬ್ಬರು. ಬಿಳಿಯರ ಅಳತೆಗೆ ಹೊಲಿದ ಅಂಗಿ ಉಳಿದವರ ಮೈಗೆ ಸರಿಯಾಗಿ ಕೂರುವುದಿಲ್ಲ. ನೋಡಿ ಹೇಗಿದೆ: ಸಂತಾನಹರಣಕ್ಕೆ ಹುಡುಕುವಾಗ ಇವರು ಮೊದಲ ಸಾಲಿನಲ್ಲಿ, ಔಷಧ ಕಂಡುಹಿಡಿಯಲು ಎಣಿಸುವಾಗ ಕೊನೇ ಸಾಲಿನಲ್ಲೂ ಇಲ್ಲ.

ರಕ್ತದ ವಾದಕ್ಕೆ ಇನ್ನೊಂದು ಉತ್ತರ ಅವರ ಆಯಸ್ಸಿನಲ್ಲೇ ಇದೆ. ಇಷ್ಟೆಲ್ಲ ಇದ್ದರೂ ಲ್ಯಾಟಿನೋ ಜನ ಅಮೆರಿಕದ ಬಿಳಿಯರಿಗಿಂತ ಹೆಚ್ಚು ವರ್ಷ ಬದುಕುತ್ತಿದ್ದರು. 2019ರಲ್ಲಿ ಅವರ ಸರಾಸರಿ ಆಯಸ್ಸು ಸುಮಾರು 82, ಬಿಳಿಯರದು ಸುಮಾರು 79. ಕಾರಣಗಳ ಬಗ್ಗೆ ಚರ್ಚೆ ಇದೆ. ಗಟ್ಟಿಮುಟ್ಟಾದವರೇ ವಲಸೆ ಬರುವುದು, ಬೀಡಿ ಸಿಗರೇಟು ಕಡಿಮೆ ಸೇದುವುದು, ಕುಟುಂಬದ ಆಸರೆ ಎನ್ನುತ್ತಾರೆ. ಕೊರೋನಾ ಬಂದಾಗ ಮನೆಯಲ್ಲಿ ಕೂರಲಾಗದೆ ಕಾರ್ಖಾನೆ, ಹೊಲ, ಅಡಿಗೆಮನೆಗಳಲ್ಲಿ ದುಡಿದ ಇವರ ಆಯಸ್ಸು 2021ಕ್ಕೆ ಸುಮಾರು 78ಕ್ಕೆ ಕುಸಿಯಿತು. ಎರಡು ವರ್ಷದಲ್ಲಿ ನಾಲ್ಕು ವರ್ಷದ ಆಯಸ್ಸು ಹೋಯಿತು. ದುರ್ಬಲ ರಕ್ತ ಎನ್ನುವವರು 82ಕ್ಕೆ ಏನು ಹೇಳುತ್ತಾರೆ?

ಪರಿಹಾರ ಏನು? ಬರೀ ಮಾತ್ರೆ ಅಲ್ಲ, ಮಾತ್ರೆ ಬೇಡವೆಂದೂ ಅಲ್ಲ. ಅಮೆರಿಕದಲ್ಲಿ ಹೃದಯಾಘಾತ ಆದ 2,481 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ಮಾತಿನ ಚಿಕಿತ್ಸೆ, ಬೇಕಾದವರಿಗೆ ಮಾತ್ರೆ ಕೊಟ್ಟಾಗ ಖಿನ್ನತೆ ಇಳಿಯಿತು. ಆದರೆ ಸಾವು, ಮತ್ತೆ ಬರುವ ಹೃದಯಾಘಾತ ಕಡಿಮೆಯಾಗಲಿಲ್ಲ. ಮನುಷ್ಯನ ಎದೆಭಾರ ಇಳಿಸುವುದೇ ದೊಡ್ಡ ಕೆಲಸ, ಅದನ್ನು ಮಾಡಲೇಬೇಕು. ಆದರೆ ಚಿಕಿತ್ಸೆ ಪಡೆದವನನ್ನು ಮತ್ತೆ ಅದೇ ಕಲ್ಲುಭೂಮಿಗೆ ಕಳಿಸಿದರೆ ವೈದ್ಯ ಒಬ್ಬನೇ ಎಷ್ಟು ಮಾಡಲು ಸಾಧ್ಯ?

ನೆಲವನ್ನೇ ಬದಲಿಸಲು ಹೊರಟವರೂ ಅವರಲ್ಲೇ ಇದ್ದರು. ನ್ಯೂಯಾರ್ಕಿನ ಪೋರ್ಟೊ ರಿಕೋ ಯುವಕ ಯುವತಿಯರ 'ಯಂಗ್ ಲಾರ್ಡ್ಸ್' ಸಂಘಟನೆ ಮನೆಮನೆಗೆ ಹೋಗಿ ಬಣ್ಣದ ಸೀಸದಿಂದ ವಿಷವೇರಿದ ಮಕ್ಕಳನ್ನು ಪರೀಕ್ಷಿಸಿತು. 1970ರ ಜೂನ್‌ನಲ್ಲಿ, ಬಡವರ ಬೀದಿಗೆ ಬಾರದ ಕ್ಷಯದ ಎಕ್ಸ್‌ರೇ ಲಾರಿಯನ್ನೇ ವಶಪಡಿಸಿಕೊಂಡು ತಮ್ಮ ಬೀದಿಗೆ ತಂದು ನಿಲ್ಲಿಸಿದರು. ಅದೇ ವರ್ಷ ಜುಲೈ 14ರಂದು ಬ್ರಾಂಕ್ಸಿನ ಲಿಂಕನ್ ಆಸ್ಪತ್ರೆಗೆ ನುಗ್ಗಿ ಒಂದು ದಿನ ಹಿಡಿದಿಟ್ಟುಕೊಂಡರು. ಜನರ ಬಾಯಲ್ಲಿ ಆ ಆಸ್ಪತ್ರೆಗೆ ಕಸಾಯಿಖಾನೆ ಎಂಬ ಹೆಸರಿತ್ತು. ಅವರು ಕೇಳಿದ್ದು ರೋಗಿಯನ್ನು ಮನುಷ್ಯನಂತೆ ಕಾಣಿ, ಅವನ ಭಾಷೆಯಲ್ಲಿ ಮಾತಾಡಿಸಿ, ಏನು ಔಷಧಿ ಕೊಡುತ್ತೀರಿ ಹೇಳಿ ಕೊಡಿ, ಕಟ್ಟಡ ಹೊಸದು ಕಟ್ಟಿ ಎಂದು. 1976ರಲ್ಲಿ ಹೊಸ ಆಸ್ಪತ್ರೆ ತೆರೆಯಿತು. ಮರ್ಯಾದೆಯೂ ಚಿಕಿತ್ಸೆಯ ಭಾಗ ಅನ್ನುವುದನ್ನು ವೈದ್ಯಶಾಸ್ತ್ರ ಹೇಳುವುದಕ್ಕೆ ಮೊದಲೇ ಆ ಹುಡುಗರು ಹೇಳಿದ್ದರು.

ಬಂಧುಗಳೇ, ನಮ್ಮ ಲೆಕ್ಕವೂ ಒಂದು ಇದೆ. ನಮ್ಮ ದೇಶದ 9 ರಾಜ್ಯಗಳ ಸುಮಾರು 2 ಕೋಟಿ ಜನರ ಮಾಹಿತಿ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೇಲ್ಜಾತಿ ಹಿಂದೂಗಳಿಗಿಂತ ದಲಿತರ ಆಯಸ್ಸು 3 ವರ್ಷಕ್ಕೂ ಹೆಚ್ಚು ಕಡಿಮೆ, ಆದಿವಾಸಿಗಳದ್ದು 4 ವರ್ಷಕ್ಕೂ ಹೆಚ್ಚು ಕಡಿಮೆ. ಬಡತನ ಈ ಅಂತರದ ಅರ್ಧವನ್ನೂ ವಿವರಿಸುವುದಿಲ್ಲ. ಉಳಿದದ್ದನ್ನು ರಕ್ತದ ಖಾತೆಗೆ ಬರೆಯಲು ಕಾದು ಕೂತವರು ಇದ್ದಾರೆ. ಬರೆಯಗೊಡಬಾರದು.

ಆದ್ದರಿಂದ ಮೂರು ಮಾತು ಹೇಳಿ ಮುಗಿಸುತ್ತೇವೆ. ಒಂದು, ಖಿನ್ನತೆ ಹಣೆಬರಹವೂ ಅಲ್ಲ, ಹೇಡಿತನವೂ ಅಲ್ಲ, ಕಾಯಿಲೆ. ನಾಚಿಕೆ ಬಿಟ್ಟು ಹೇಳಿಕೊಳ್ಳಿ, ಚಿಕಿತ್ಸೆ ಪಡೆಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕಾಸು ಖರ್ಚಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಹೋರಾಡುವವನ ಹೃದಯ ಗಟ್ಟಿಯಾಗಿರಬೇಕು. ಎರಡು, ಮನೆತನದ ಕಾಯಿಲೆಯ ಮಾತನ್ನು ಒಪ್ಪಿಕೊಳ್ಳಿ, ಜಾತಿಯ ರಕ್ತದ ಮಾತನ್ನು ಒಪ್ಪಿಕೊಳ್ಳಬೇಡಿ. ಇವೆರಡೂ ಬೇರೆ ಬೇರೆ. ಮೂರು, ಎಣಿಸುವಾಗ ನಮ್ಮನ್ನೂ ಎಣಿಸಿ ಎಂದು ಕೇಳಿ. ಆಸ್ಪತ್ರೆಯಲ್ಲಿ, ಸಂಶೋಧನೆಯಲ್ಲಿ, ಬಜೆಟ್ಟಿನಲ್ಲಿ.

ಕಲ್ಲುಭೂಮಿಯ ರಾಗಿ ತನ್ನ ನೆಲವನ್ನು ತಾನೇ ಉಳಲಾರದು. ಮನುಷ್ಯ ಉಳಬಲ್ಲ. ಗಿಡ್ಡ ಕಾವಿನ ಗುದ್ದಲಿಯನ್ನು ಕೈಬಿಡಿಸಿದ್ದು ಬೆನ್ನುನೋವಿನ ಎಣ್ಣೆಯಲ್ಲ, ಬೆನ್ನು ನೆಟ್ಟಗೆ ಮಾಡಿ ನಿಂತ ಕೂಲಿಗಾರರು.